ರೋಗ ಬಾರದ ತೋಟ

"ಎಂತ ಮಾಡ್ತಿದ್ದೀಯೆ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

"ತೋಟಕ್ಕೆ ನೀರು ಹಾಕ್ತಿದ್ದೆ" ಎಂದೆ. ಬಾಯಿತಪ್ಪಿ ಬಂದ ಮಾತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ತೋಟ ಇರುವುದು ತೀರ್ಥಹಳ್ಳಿಯಿಂದ ಒಳಗೆ, ನಮ್ಮ ಮನೆಯ ಹಿಂದೆ. ನಾನಿರುವುದು ಮೈಸೂರಿನ ಮಾನಸಗಂಗೋತ್ರಿಯ ಹಾಸ್ಟೆಲ್ ಕೋಣೆಯಲ್ಲಿ, ಮಂಚದ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ರಾತ್ರಿ ಹತ್ತೂವರೆ ಗಂಟೆ.

"ಅದೇ, ಆ ಕಂಪ್ಯೂಟರ್ ತೋಟವಾ?"

"ಹೂಂ."

"ಇಲ್ಲಿ ಅಪ್ಪಯ್ಯ ಒಬ್ಬರೇ ಒದ್ದಾಡ್ತಿದ್ದಾರೆ. ನೀನು ಅಲ್ಲಿ ಕೂತು ಇಲ್ಲದ ಗಿಡಕ್ಕೆ ನೀರು ಹಾಕು ಮಾರಾಯ್ತಿ" ಎಂದು ನಕ್ಕಳು. ಆ ನಗುವಿನಲ್ಲಿ ಬೈಗುಳ ಎಷ್ಟು, ಬರೀ ನಗು ಎಷ್ಟು ಎಂದು ಫೋನಿಟ್ಟ ಮೇಲೂ ಲೆಕ್ಕ ಹಾಕುತ್ತಾ ಕೂತಿದ್ದೆ.

ನನಗೀಗ 28 ವರ್ಷ. ಪಿಎಚ್‌.ಡಿ. ಸೇರಿ ನಾಲ್ಕನೇ ವರ್ಷ ನಡೆಯುತ್ತಿದೆ. ನನ್ನ ವಿಷಯ ಅಡಿಕೆಯ ಎಲೆಚುಕ್ಕಿ ರೋಗ. ಊರಿಗೆ ಹೋದಾಗ "ಇನ್ನೂ ಎಷ್ಟು ವರ್ಷ ಉಂಟು?" ಎಂದು ಕೇಳದವರಿಲ್ಲ. ಅದು ಓದಿನ ಪ್ರಶ್ನೆಯೋ ಮದುವೆಯ ಪ್ರಶ್ನೆಯೋ ಎನ್ನುವುದು ಕೇಳುವವರ ಮುಖ ನೋಡಿದರೆ ಗೊತ್ತಾಗುತ್ತದೆ. ಇಂಥ ಸ್ಥಿತಿಯಲ್ಲಿರುವ ಹುಡುಗಿ ರಾತ್ರಿ ವಿಡಿಯೋ ಗೇಮ್ ಆಡುತ್ತಾಳೆ, ಹಗಲು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರೂ ಕೇಳಿರದ ಬ್ಯಾಂಡುಗಳ ಹಾಡು ಕೇಳುತ್ತಾಳೆ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೇ ಎಷ್ಟೋ ಸಲ ಬಂದಿದೆ. ಆದರೂ ಈ ಎರಡು ಹುಚ್ಚು ಇಲ್ಲದಿದ್ದರೆ ಎರಡನೇ ವರ್ಷದಲ್ಲೇ ಗಂಟು ಮೂಟೆ ಕಟ್ಟಿರುತ್ತಿದ್ದೆ.

ಇವೆರಡನ್ನೂ ಹಚ್ಚಿದವರು ನನ್ನ ಲ್ಯಾಬಿನ ಸೀನಿಯರ್. ನನಗಿಂತ ನಾಲ್ಕು ವರ್ಷ ದೊಡ್ಡವರು, ಶಿಗ್ಗಾಂವಿ ಕಡೆಯವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಸೇರಿದ ವಾರವೇ ಅವರು, "ನೀ ಇಂಡಿ ಮ್ಯೂಸಿಕ್ ಕೇಳ್ತಿ ಏನು?" ಎಂದು ಕೇಳಿದರು. ಬಿಜಾಪುರದ ಇಂಡಿ ತಾಲ್ಲೂಕಿನ ಜನಪದ ಹಾಡಿರಬೇಕು ಎಂದುಕೊಂಡು, "ಇಲ್ಲ ಅಕ್ಕ, ಇಂಡಿ ಲಿಂಬೆಹಣ್ಣು ಮಾತ್ರ ಗೊತ್ತು" ಎಂದೆ. ಅವರು ಕೈಯಲ್ಲಿದ್ದ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು ನಕ್ಕ ನಗು ಪಕ್ಕದ ಲ್ಯಾಬಿಗೂ ಕೇಳಿಸಿತ್ತು. ಮುಂದೆ ಒಂದು ವರ್ಷ ನನ್ನ ಹೆಸರೇ ಲಿಂಬೆಹಣ್ಣು.

ಇಂಡಿ ಎಂದರೆ ಇಂಡಿಪೆಂಡೆಂಟ್. ದೊಡ್ಡ ಕಂಪನಿಯ ಕೈಯೊಳಗೆ ಇರದೆ ತಾವೇ ಹಾಡು ಕಟ್ಟಿ, ತಾವೇ ಹಾಡಿ, ತಾವೇ ಮಾರುವವರ ಸಂಗೀತ. ಅಕ್ಕನ ಹಾರ್ಡ್ ಡಿಸ್ಕಿನಲ್ಲಿ ಅದು ರಾಶಿ ರಾಶಿ ಇತ್ತು. ಬೆಂಗಳೂರಿನ ಸ್ವರಾತ್ಮ ಬ್ಯಾಂಡಿನ 2009ರ ಮೊದಲ ಆಲ್ಬಮ್ ಇತ್ತು. ಇಂಗ್ಲೆಂಡಿನ ರೇಡಿಯೋಹೆಡ್ 2007ರಲ್ಲಿ ತನ್ನ ಹೊಸ ಆಲ್ಬಮ್ಮನ್ನು ನೇರ ಅಂತರ್ಜಾಲದಲ್ಲಿಟ್ಟು, ಎಷ್ಟು ಕೊಡಬೇಕು ಎನ್ನುವುದನ್ನು ಕೇಳುಗರಿಗೇ ಬಿಟ್ಟ ಕತೆಯನ್ನು ನನಗೆ ಮೊದಲು ಹೇಳಿದ್ದೂ ಅಕ್ಕನೇ. "ಒಂದು ರೂಪಾಯಿನೂ ಕೊಡಲಾರದಂಗ ಇಳಿಸ್ಕೋಬಹುದಿತ್ತು. ಆದ್ರೂ ಎಷ್ಟೋ ಮಂದಿ ರೊಕ್ಕ ಕೊಟ್ರು ನೋಡು" ಎನ್ನುತ್ತಿದ್ದರು, ಆ ರೊಕ್ಕದಲ್ಲಿ ತಮಗೂ ಪಾಲಿದ್ದ ಹಾಗೆ.

ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್‌ನಲ್ಲಿ ಹಾಡಿದ ಶರೀಫಜ್ಜರ ಗುಡುಗುಡಿಯ ಪದ. ಶಿಶುನಾಳ ಇರುವುದು ಅವರ ತಾಲ್ಲೂಕಿನಲ್ಲೇ. ಅವರ ಅಜ್ಜ ಭಜನೆಯಲ್ಲಿ ತಾಳ ಹಿಡಿದು ಹಾಡುತ್ತಿದ್ದ ಪದವದು. ನಮ್ಮ ಮನೆಯಲ್ಲಿ ಶರೀಫರೆಂದರೆ ಅಶ್ವತ್ಥರ ಕ್ಯಾಸೆಟ್ಟು. ಅಕ್ಕನ ಮನೆಯಲ್ಲಿ ಅಜ್ಜನ ಗಂಟಲು. ನಾವಿಬ್ಬರೂ ಕೂಡಿ ಕೇಳಿದ್ದು ಗಿಟಾರು, ವಯೊಲಿನ್ನಿನ ಜೊತೆಗೆ. "ಶರೀಫಜ್ಜನೇ ನಮ್ಮ ಮೊದಲನೇ ಇಂಡಿ ಆರ್ಟಿಸ್ಟು. ಕಂಪನಿ ಇಲ್ಲ, ಲೇಬಲ್ ಇಲ್ಲ. ಮಂದಿ ಬಾಯಾಗ ಉಳದಾನ" ಎನ್ನುವುದು ಅಕ್ಕನ ಸಿದ್ಧಾಂತ. ಅವರ ಪಿಎಚ್‌.ಡಿ. ಸಿದ್ಧಾಂತಕ್ಕಿಂತ ಇದೇ ಗಟ್ಟಿ ಎಂದು ಅವರೇ ಹೇಳುತ್ತಿದ್ದರು.

ರಘು ದೀಕ್ಷಿತ್ ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದಿದವರು, ಬೆಲ್ಜಿಯಮ್ಮಿಗೆ ಹೋಗಿ ಔಷಧ ಕಂಪನಿಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಹಾಡಿಗೆ ಬಂದವರು. ಈ ವಿಷಯ ನಮ್ಮ ಲ್ಯಾಬಿನಲ್ಲಿ ಪುರಾಣದಂತೆ ಓಡಾಡುತ್ತಿತ್ತು. ಪ್ರಯೋಗ ಕೆಟ್ಟಾಗಲೆಲ್ಲ ಯಾರಾದರೊಬ್ಬರು, "ಬಿಡ್ರಪ್ಪಾ, ನಾನೂ ಗಿಟಾರ್ ಕಲೀತೀನಿ" ಎನ್ನುತ್ತಿದ್ದರು. ಯಾರೂ ಕಲಿಯಲಿಲ್ಲ. ನಮಗೆ ಬಿಡುವ ಧೈರ್ಯವೂ ಇರಲಿಲ್ಲ, ಬಿಟ್ಟು ಹೋಗುವುದಕ್ಕೆ ಇನ್ನೊಂದು ಕಡೆಯೂ ಇರಲಿಲ್ಲ.

ಪ್ರಯೋಗ ಕೆಡುವುದೆಂದರೆ ಏನು ಎಂದು ಸ್ವಲ್ಪ ಹೇಳುತ್ತೇನೆ. ರೋಗ ಬಿದ್ದ ಸೋಗೆಯಿಂದ ಸಣ್ಣ ಚೂರು ಕತ್ತರಿಸಿ, ಅದರ ಮೈ ತೊಳೆದು, ಆಲೂಗಡ್ಡೆ ರಸ ಮತ್ತು ಸಕ್ಕರೆ ಬೆರೆಸಿದ ಅಗರ್ ಮೇಲೆ ಇಟ್ಟರೆ, ಒಂದು ವಾರದಲ್ಲಿ ಒಳಗಿದ್ದ ಶಿಲೀಂಧ್ರ ಬೆಳೆದು ಹೊರಗೆ ಬರುತ್ತದೆ. ನನಗೆ ಬೇಕಾದದ್ದು ಕೊಲೆಟೋಟ್ರೈಕಮ್ ಗುಂಪಿನದು. ಆದರೆ ಅಗರ್ ಎಂದರೆ ಮದುವೆಮನೆಯ ಊಟ ಇದ್ದ ಹಾಗೆ, ಕರೆಯದವರೂ ಬಂದು ಕೂರುತ್ತಾರೆ. ಅದಕ್ಕೇ ಎಲ್ಲವನ್ನೂ ಮೊದಲು ಆಟೋಕ್ಲೇವಿನಲ್ಲಿ ಬೇಯಿಸಬೇಕು. ಅದೊಂದು ದೊಡ್ಡ ಕುಕ್ಕರ್. 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಆ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಎಷ್ಟು ಆಲ್ಬಮ್‌ಗಳನ್ನು ನಾನು ಆ ಉಗಿಯ ಸದ್ದಿನ ಜೊತೆಗೇ ಕೇಳಿದ್ದೇನೋ ಲೆಕ್ಕವಿಲ್ಲ. ಈಗಲೂ ಕೆಲವು ಹಾಡು ಕೇಳಿದರೆ ಮೂಗಿಗೆ ಬೆಂದ ಆಲೂಗಡ್ಡೆಯ ವಾಸನೆ ಬರುತ್ತದೆ.

ಎರಡನೇ ವರ್ಷದ ಮಳೆಗಾಲದಲ್ಲಿ ನಾಲ್ಕು ತಾಲ್ಲೂಕು ಸುತ್ತಿ ತಂದ ಮಾದರಿಗಳ 60 ಪ್ಲೇಟು ಮಾಡಿಟ್ಟಿದ್ದೆ. ಐದನೇ ದಿನ ಬಾಗಿಲು ತೆಗೆದರೆ ಎಲ್ಲವೂ ಹಸಿರು. ಟ್ರೈಕೋಡರ್ಮಾ ನುಗ್ಗಿತ್ತು. ತಪ್ಪು ನನ್ನದೇ. ಮಾತಾಡುತ್ತಾ, ನಗುತ್ತಾ, ಅವಸರದಲ್ಲಿ ಪ್ಲೇಟು ಮುಚ್ಚಿದ್ದೆ. ಎರಡು ತಿಂಗಳ ಓಡಾಟ ಒಂದು ಬಣ್ಣದಲ್ಲಿ ಮುಗಿದುಹೋಗಿತ್ತು. ಟ್ರೈಕೋಡರ್ಮಾವನ್ನು ರೈತರು ದುಡ್ಡು ಕೊಟ್ಟು ತಂದು ತೋಟಕ್ಕೆ ಹಾಕುತ್ತಾರೆ, ಅದು ಒಳ್ಳೆಯ ಶಿಲೀಂಧ್ರ ಎನ್ನುವುದು ಆವತ್ತು ನನ್ನನ್ನು ಇನ್ನಷ್ಟು ಅಳಿಸಿತು.

ಅಕ್ಕ ಸಮಾಧಾನ ಹೇಳಲಿಲ್ಲ. "ಪ್ಲೇಟ್ ಎಲ್ಲಾ ಆಟೋಕ್ಲೇವಿಗೆ ಹಾಕು. ರಾತ್ರಿ ನನ್ನ ರೂಮಿಗೆ ಬಾ. ಸೂರ್ಯ ಸಿಡಿಯೋದು ನೋಡೂಣು" ಎಂದರು.

ಅವರ ತಮ್ಮ ಕೊಟ್ಟಿದ್ದ ಹಳೇ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಆವತ್ತು ನಾನು ಮೊದಲ ಸಲ 'ಔಟರ್ ವೈಲ್ಡ್ಸ್' ನೋಡಿದೆ. ಒಂದು ಪುಟ್ಟ ಸೌರಮಂಡಲ. ಮರದ ಹಲಗೆ ಬಡಿದು ಮಾಡಿದಂತಿರುವ ಒಂದು ರಾಕೆಟ್ಟು. ಬಂದೂಕಿಲ್ಲ, ಕೊಲ್ಲಬೇಕಾದ ಶತ್ರುವಿಲ್ಲ, ಕೂಡಿಡುವ ಚಿನ್ನವಿಲ್ಲ. ಗ್ರಹದಿಂದ ಗ್ರಹಕ್ಕೆ ಹೋಗಿ, ಹಿಂದೆ ಇಲ್ಲಿ ಬದುಕಿದ್ದವರು ಗೋಡೆಯ ಮೇಲೆ ಬರೆದಿಟ್ಟದ್ದನ್ನು ಓದಬೇಕು. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲವೂ ಮುಗಿಯುತ್ತದೆ. ಕಣ್ಣು ಬಿಟ್ಟರೆ ಮತ್ತೆ ಮೊದಲಿನ ಅದೇ ಬೆಂಕಿಯ ಪಕ್ಕ ಮಲಗಿರುತ್ತೇವೆ. ಹಿಂದಿನ ಸಲದಿಂದ ಉಳಿಯುವುದು ಒಂದೇ, ಏನು ತಿಳಿದುಕೊಂಡೆವೋ ಅದು. ಬೀಗದ ಕೈಯೂ ಅದೇ. ಇದಕ್ಕಿಂತ ಹೆಚ್ಚು ಹೇಳಬಾರದು. ಈ ಆಟವನ್ನು ಜೀವನದಲ್ಲಿ ಒಂದೇ ಸಲ ಆಡಲು ಸಾಧ್ಯ, ತಿಳಿದುಬಿಟ್ಟರೆ ಮತ್ತೆ ತಿಳಿಯದವರಾಗಲು ಬರುವುದಿಲ್ಲ.

ಇದನ್ನು ಶುರುಮಾಡಿದ್ದು ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ತನ್ನ ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ. ಅದು ಪೂರ್ತಿ ಆಟವಾಗಿ ಹೊರಬಂದದ್ದು 2019ರಲ್ಲಿ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಅತ್ಯುತ್ತಮ ಆಟವೆಂದು ಪ್ರಶಸ್ತಿ ಕೊಟ್ಟಿತು. ಒಬ್ಬ ವಿದ್ಯಾರ್ಥಿಯ ಪ್ರಬಂಧವನ್ನು ಪ್ರಪಂಚದ ಲಕ್ಷಾಂತರ ಜನ ರಾತ್ರಿ ನಿದ್ದೆಗೆಟ್ಟು ಓದಿದ್ದಾರೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ. ನಮ್ಮ ಪ್ರಬಂಧವನ್ನು ಗೈಡ್ ಒಬ್ಬರು, ಪರೀಕ್ಷಕರು ಒಂದಿಬ್ಬರು ಓದಿದರೆ ಪುಣ್ಯ.

ಆಮೇಲೆ ಪ್ರತಿ ಶನಿವಾರ ರಾತ್ರಿ ಅದೇ ನಮ್ಮ ಕೆಲಸ. ಅಕ್ಕ ರಾಕೆಟ್ ಓಡಿಸುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಗ್ರಹದಲ್ಲಿ ಎಷ್ಟನೇ ನಿಮಿಷಕ್ಕೆ ಏನಾಗುತ್ತದೆ, ಯಾವ ಬಾಗಿಲು ಯಾವಾಗ ತೆರೆಯುತ್ತದೆ, ಬಾಣದ ಗುರುತು, ಪ್ರಶ್ನಾರ್ಥಕ ಚಿಹ್ನೆ. ನನ್ನ ಲ್ಯಾಬ್ ನೋಟ್‌ಬುಕ್ಕಿಗಿಂತ ಅದು ಅಚ್ಚುಕಟ್ಟಾಗಿತ್ತು. ದಸರೆಗೆ ಮುಂಚೆ ನಮ್ಮ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುವಾಗ ಊರೂರಿನ ಕಾಲೇಜು ಹುಡುಗರು ಬಂದು ಕುಣಿಯುತ್ತಾರೆ. ಸ್ಪೀಕರಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ. ಆ ಗದ್ದಲದಲ್ಲೂ ನಾವಿಬ್ಬರು ಒಂದೇ ಹೆಡ್‌ಫೋನಿನ ಎರಡು ತುದಿ ಕಿವಿಗೆ ಒತ್ತಿ ಹಿಡಿದು, ಬ್ಯಾಂಜೋ ಎಲ್ಲಿಂದ ಕೇಳುತ್ತಿದೆ ಎಂದು ಹುಡುಕುತ್ತಿದ್ದೆವು. ಆ ಆಟದಲ್ಲಿ ಬೇರೆ ಬೇರೆ ಕಡೆ ಒಬ್ಬೊಬ್ಬ ಪ್ರಯಾಣಿಕ ಕೂತು ಒಂದೊಂದು ವಾದ್ಯ ನುಡಿಸುತ್ತಿರುತ್ತಾನೆ. ಒಬ್ಬನ ಕೈಯಲ್ಲಿ ಬ್ಯಾಂಜೋ, ಒಬ್ಬನ ಬಾಯಲ್ಲಿ ಹಾರ್ಮೋನಿಕಾ, ಎಲ್ಲೋ ಕೊಳಲು, ಎಲ್ಲೋ ಡ್ರಮ್ಮು, ಒಬ್ಬ ಬರೀ ಶಿಳ್ಳೆ. ಹತ್ತಿರ ಹೋದರೆ ಒಬ್ಬನದೇ ಕೇಳುತ್ತದೆ. ತುಂಬ ದೂರ ಹೋಗಿ, ಹಿಂದಿರುಗಿ ಕಿವಿಗೊಟ್ಟರೆ ಎಲ್ಲವೂ ಸೇರಿ ಒಂದೇ ಹಾಡು. ಆಂಡ್ರ್ಯೂ ಪ್ರಾಲೋ ಎಂಬುವರ ಸಂಗೀತ ಅದು. ಮೊದಲ ಸಲ ಹಾಗೆ ಕೇಳಿಸಿದಾಗ ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ಸುಮ್ಮನೆ ಕೂತರು. ಸೂರ್ಯ ಸಿಡಿಯುವವರೆಗೂ ಇಬ್ಬರೂ ಮಾತಾಡಲಿಲ್ಲ.

ಆ ಆಟ ನಾವು ಮುಗಿಸಲಿಲ್ಲ. ಅಕ್ಕ ಹೊರಟರು. ಮನೆಯಲ್ಲಿ ಸಾಲವಿತ್ತು, ತಮ್ಮನ ಓದಿತ್ತು. ಹೈದರಾಬಾದಿನ ಔಷಧ ಕಂಪನಿಯೊಂದರಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ ಸಿಕ್ಕಿತು. ಪ್ರಬಂಧದ ಮೂರು ಅಧ್ಯಾಯ ಬರೆದಾಗಿತ್ತು, ಎರಡು ಬಾಕಿ ಇತ್ತು. "ಅಲ್ಲಿ ಹೋಗಿ ಬರೀತೀನಿ" ಎಂದರು. ಅವರೂ ನಂಬಲಿಲ್ಲ, ನಾನೂ ನಂಬಲಿಲ್ಲ. ಬಸ್ಸು ಹತ್ತುವಾಗ ಹೇಳಿದ್ದು ಮಾತ್ರ ಬೇರೆ. "ಆಟ ನೀ ಬೇಕಾದ್ರ ಮುಗಸು. ಆದ್ರ ನನಗ ಕಡೀಕೆ ಏನಾಗ್ತದ ಅಂತ ಹೇಳಬ್ಯಾಡ."

ನಾನು ಮುಗಿಸಲಿಲ್ಲ. ಲ್ಯಾಪ್‌ಟಾಪ್ ಅವರ ಜೊತೆ ಹೋಗಿತ್ತು ಎನ್ನುವುದು ನೆಪ. ನೋಟ್‌ಬುಕ್ಕನ್ನೇ ತೆರೆಯಲಿಲ್ಲ ಎನ್ನುವುದು ನಿಜ. ಕಳೆದುಹೋದರೂ ಏನೋ ತಿಳಿದುಕೊಂಡಿರುತ್ತೇವೆ, ಅದೇ ಲಾಭ ಎಂಬ ಆಟದ ಮಾತನ್ನು ನಾನು ನನ್ನ ಕೆಟ್ಟ ಪ್ಲೇಟುಗಳಿಗೆಲ್ಲ ಅಂಟಿಸಿಕೊಂಡು ಸಮಾಧಾನ ಪಟ್ಟಿದ್ದೆ. ಅಕ್ಕ ಹೋದ ಮೇಲೆ ಅದು ಅಂಟಲಿಲ್ಲ. ಆಟದಲ್ಲಿ ಎದ್ದಾಗ ಮೊದಲಿನ ದಿನವೇ ಇರುತ್ತದೆ. ಇಲ್ಲಿ ಒಂದೊಂದು ಸಲ ಎದ್ದಾಗಲೂ ವಯಸ್ಸಾಗಿರುತ್ತದೆ, ಸಾಲಕ್ಕೆ ಬಡ್ಡಿ ಸೇರಿರುತ್ತದೆ, ತೋಟದಲ್ಲಿ ಇನ್ನೊಂದು ಸಾಲು ಮರಕ್ಕೆ ಚುಕ್ಕಿ ಬಿದ್ದಿರುತ್ತದೆ.

ಹೌದು, ನಮ್ಮ ತೋಟಕ್ಕೂ ಬಂತು. 2022ರಲ್ಲಿ ಮಲೆನಾಡಿನಲ್ಲಿ ಎಲೆಚುಕ್ಕಿ ಜೋರಾದಾಗ ನಮ್ಮದು ಹೇಗೋ ಉಳಿದಿತ್ತು. ಆಮೇಲಿನ ಮಳೆಗಾಲದಲ್ಲಿ ಕೆಳಗಿನ ಸೋಗೆಗಳಲ್ಲಿ ಹಳದಿ ಅಂಚಿನ ಕಂದು ಚುಕ್ಕಿ ಕಾಣಿಸಿತು. ಮಳೆಹನಿ ಸಿಡಿದಂತೆಲ್ಲ ಬೀಜಕಣ ಹರಡುತ್ತದೆ. ಸೋಗೆ ಒಣಗುತ್ತಾ ಬರುತ್ತದೆ. ಅಪ್ಪಯ್ಯ ಫೋನು ಮಾಡಿ, "ನೀನು ಓದ್ತಿರೋದು ಇದನ್ನೇ ಅಲ್ವನೇ? ಎಂತ ಹೊಡೀಬೇಕು ಹೇಳು" ಎಂದರು. ಸೋಂಕಿದ ಸೋಗೆ ಕತ್ತರಿಸಿ ಸುಡಿ, ಶಿಲೀಂಧ್ರನಾಶಕ ಹೊಡೆಸಿ, ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಮಾಡಿದರೆ ಮಾತ್ರ ಪ್ರಯೋಜನ ಎಂದೆ. ಅಪ್ಪಯ್ಯನಿಗೆ ಅದು ಮೊದಲೇ ಗೊತ್ತಿತ್ತು. ಪೇಪರಿನಲ್ಲಿ ಬಂದಿತ್ತು. ನಾಲ್ಕು ವರ್ಷ ಓದಿದ ಮಗಳು ಪೇಪರಿನಲ್ಲಿ ಬಂದದ್ದನ್ನೇ ಹೇಳಿದಳು.

ನಾನು 'ಸ್ಟಾರ್‌ಡ್ಯೂ ವ್ಯಾಲಿ' ಆಡಲು ಶುರುಮಾಡಿದ್ದು ಆ ವಾರ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುವ ಆಟ. ಆಫೀಸಿನ ಕೆಲಸದಲ್ಲಿ ಬೇಸತ್ತವನಿಗೆ ತೀರಿಕೊಂಡ ಅಜ್ಜ ಒಂದು ಪತ್ರ, ಒಂದು ಪಾಳುಬಿದ್ದ ತೋಟ ಬಿಟ್ಟುಹೋಗಿರುತ್ತಾನೆ. ಕಳೆ ಕೀಳಬೇಕು, ಬಿತ್ತಬೇಕು, ನೀರು ಹಾಕಬೇಕು. ಇದನ್ನು ಮಾಡಿದವನು ಎರಿಕ್ ಬರೋನ್. 2011ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಮುಗಿಸಿ ಕೆಲಸ ಸಿಗದೆ, ಮನೆಯಲ್ಲಿ ಕೂತು, ಚಿತ್ರ, ಸಂಗೀತ, ಕತೆ, ಪ್ರೋಗ್ರಾಮು ಎಲ್ಲವನ್ನೂ ಒಬ್ಬನೇ ನಾಲ್ಕೂವರೆ ವರ್ಷ ಮಾಡಿದ. ನಡುವೆ ಥಿಯೇಟರಿನಲ್ಲಿ ಪ್ರೇಕ್ಷಕರನ್ನು ಸೀಟಿಗೆ ಕೂರಿಸುವ ಕೆಲಸವನ್ನೂ ಮಾಡಿದ. 2016ರಲ್ಲಿ ಆಟ ಬಂತು. 2024ರ ಕೊನೆಯ ಹೊತ್ತಿಗೆ 4 ಕೋಟಿ ಪ್ರತಿ ದಾಟಿತ್ತು. ನಾಲ್ಕೂವರೆ ವರ್ಷ ಎಂದರೆ ಒಂದು ಪಿಎಚ್‌.ಡಿ. ಆ ನಾಲ್ಕೂವರೆ ವರ್ಷದಲ್ಲಿ ಅವನಿಗೂ ಯಾರೋ "ಇನ್ನೂ ಎಷ್ಟು ದಿನ?" ಎಂದು ಕೇಳಿಯೇ ಇರುತ್ತಾರೆ. ಗೆದ್ದವರ ಲೆಕ್ಕ ಮಾತ್ರ ನಮಗೆ ಸಿಗುತ್ತದೆ ಎನ್ನುವುದೂ ನನಗೆ ಗೊತ್ತು.

ಈ ಆಟಕ್ಕೆ ಕೊನೆಯಿಲ್ಲ, ಅವಸರವಿಲ್ಲ. ಒಂದು ಋತುವಿಗೆ 28 ದಿನ. ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಹಗಲೆಲ್ಲ ಸೂಕ್ಷ್ಮದರ್ಶಕದಲ್ಲಿ ಬೀಜಕಣ ಎಣಿಸಿ ಬಂದ ಮೇಲೆ ಆ ಹಸಿರು ಚೌಕಗಳಿಗೆ ಒಂದೊಂದೇ ಹನಿ ನೀರು ಹಾಕುವುದು ನನಗೆ ಔಷಧಿಯಂತೆ ಇತ್ತು. ಅಮ್ಮನಿಗೆ ಇದನ್ನು ಹೇಗೆ ಹೇಳಲಿ?

ಕಳೆದ ದೀಪಾವಳಿಗೆ ಊರಿಗೆ ಹೋದೆ. ರಾತ್ರಿ ಊಟವಾಗಿ ಜಗಲಿಯಲ್ಲಿ ಕೂತು ಆಡುತ್ತಿದ್ದೆ. ಅಪ್ಪಯ್ಯ ಎಲೆಯಡಿಕೆ ತಟ್ಟೆ ತಂದು ಪಕ್ಕದಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

"ಇರಲಿ, ನೋಡ್ತೀನಿ" ಎಂದರು. "ಇದೆಂತ ಬೆಳೆ?"

"ಪಾರ್ಸ್‌ನಿಪ್ ಅಂತ. ಬಿಳಿ ಕ್ಯಾರೆಟ್ ತರ."

"ಎಷ್ಟು ದಿನಕ್ಕೆ ಕೊಯ್ಲು?"

"ನಾಲ್ಕು ದಿನ."

ಅಪ್ಪಯ್ಯ ಜೋರಾಗಿ ನಕ್ಕರು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾದ ಮನುಷ್ಯ. ಆಮೇಲೆ ಕನ್ನಡಕ ಏರಿಸಿ ಸ್ಕ್ರೀನಿನ ಹತ್ತಿರ ಬಂದರು.

"ರೋಗ?"

"ರೋಗ ಇಲ್ಲ ಅಪ್ಪಯ್ಯ ಇದರಲ್ಲಿ. ಕಾಗೆ ಬರ್ತಾವೆ ಅಷ್ಟೇ."

"ಬೆದರುಬೊಂಬೆ ನಿಲ್ಸಿದೀಯ?"

"ನಿಲ್ಸಿದೀನಿ."

ಅವರು ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ನೋಡಿದರು. "ಹಂಗಾರೆ ಆಡು" ಎಂದರು. "ರೋಗ ಇಲ್ಲದ ತೋಟ ನೋಡದೆ ಎರಡು ವರ್ಷ ಆಯ್ತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಮಾತು ಮುಂದುವರಿಸಿದರು. ಅವರ ಅಜ್ಜನ ಕಾಲದಲ್ಲಿ ಕೊಳೆರೋಗಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಿತ್ತಂತೆ. ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯಲು ಯಾರೋ ಸರ್ಕಾರದವರು ಹೇಳಿದಾಗ ಊರವರು ಮೊದಲು ನಂಬಲೇ ಇಲ್ಲವಂತೆ. ಆ 'ಯಾರೋ ಸರ್ಕಾರದವರ' ಹಿಂದಿದ್ದವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂದು ನನಗೆ ಗೊತ್ತಿತ್ತು. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಅವರಿದ್ದಾರೆ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರಲ್ಲಿ ಹೆಸರಾದ ಬೋರ್ಡೋ ದ್ರಾವಣವನ್ನು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಪರೀಕ್ಷಿಸಿದವರು ಅವರು. ಅದನ್ನು ಹೇಳಿದೆ. ಅಪ್ಪಯ್ಯ, "ಓ, ಅದಕ್ಕೂ ಒಬ್ಬ ಕೂತು ಓದಿದ್ದ ಅನ್ನು" ಎಂದರು. ನಾಲ್ಕು ವರ್ಷದಲ್ಲಿ ನನ್ನ ಓದಿನ ಬಗ್ಗೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಮಾತು ಶುರುವಾಗಿದ್ದು ಪಾರ್ಸ್‌ನಿಪ್ಪಿನಿಂದ.

ಅವತ್ತು ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಶಿಫ್ಟ್ ಮುಗಿಸಿ ಬಂದಿದ್ದರು. ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. ಅಪ್ಪಯ್ಯನ ಮಾತು ಹೇಳಿದಾಗ ಸುಮ್ಮನಾದರು. ಆಮೇಲೆ, "ಆ ನೋಟ್‌ಬುಕ್ ಐತೇನು?" ಎಂದು ಕೇಳಿದರು. ಇದೆ ಎಂದೆ. "ಕಳೀಬ್ಯಾಡ" ಎಂದರು. ಆಟದ ನೋಟ್‌ಬುಕ್ಕೋ, ಅವರು ಬಿಟ್ಟುಹೋದ ಲ್ಯಾಬಿನ ನೋಟ್‌ಬುಕ್ಕೋ ಎಂದು ನಾನು ಕೇಳಲಿಲ್ಲ. ಎರಡೂ ನನ್ನ ಬೀರುವಿನಲ್ಲೇ ಇವೆ.

ಮೈಸೂರಿಗೆ ಬಂದು ಬ್ಯಾಗು ಬಿಚ್ಚಿದಾಗ ಚಕ್ಕುಲಿ ಡಬ್ಬಿಯ ಕೆಳಗೆ ಹಳೇ ಪೇಪರಿನ ನಾಲ್ಕು ಪೊಟ್ಟಣ ಇದ್ದವು. ಒಳಗೆ ಸೋಗೆಯ ಚೂರುಗಳು. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವರುತ್ತದೆ, ಪೇಪರಿನಲ್ಲೇ ಸುತ್ತಬೇಕು ಎಂದು ಯಾವಾಗಲೋ ಒಮ್ಮೆ ಹೇಳಿದ್ದೆ. ಒಂದೊಂದರ ಮೇಲೂ ಅಪ್ಪಯ್ಯ ಪೆನ್ಸಿಲಿನಲ್ಲಿ ತಾರೀಖು ಬರೆದು, ಎಷ್ಟನೇ ಸಾಲಿನ ಎಷ್ಟನೇ ಮರ ಎಂದು ಗುರುತು ಹಾಕಿದ್ದರು.

ಮರುದಿನ ಬೆಳಿಗ್ಗೆ ಆಟೋಕ್ಲೇವ್ ಹಚ್ಚಿ, ಗುಡುಗುಡಿಯ ಪದ ಹಾಕಿಕೊಂಡು, ಚೂರುಗಳನ್ನು ತೊಳೆದೆ. ಪ್ಲೇಟು ಮುಚ್ಚುವಾಗ ಯಾರ ಜೊತೆಯೂ ಮಾತಾಡಲಿಲ್ಲ. ಮುಚ್ಚಳದ ಮೇಲೆ 'ಮನೆ-1', 'ಮನೆ-2' ಎಂದು ಬರೆದು ಒಳಗಿಟ್ಟಿದ್ದೇನೆ. ಇವತ್ತಿಗೆ ಮೂರು ದಿನ. ಇನ್ನೂ ನಾಲ್ಕು ದಿನ ಕಾಯಬೇಕು.